ಮಕ್ಕಳ ಅಂಗಚಿಕಿತ್ಸೆಯೂ ತೋರಿಕೆಯ ಲೋಕವೂ

 

ಈ ಮಹೋತ್ಸವದ ಸಭೆಯಲ್ಲಿ ಮಕ್ಕಳ ಅಂಗಚಿಕಿತ್ಸೆಯ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಮಠದಿಂದ ಅಪ್ಪಣೆಯಾದಾಗ ನಾನು ಮೊದಲು ಹಿಂಜರಿದೆನು. ನಾನು ವಾಗ್ಮಿಯಲ್ಲ. ಮಕ್ಕಳ ಕೈಕಾಲುಗಳನ್ನು ಹಿಡಿದು ನೀಡಿಸುವುದು, ಮಡಿಸುವುದು, ನಿಲ್ಲಿಸುವುದು, ನಡೆಸುವುದು ಇದಿಷ್ಟೇ ನನ್ನ ಕಾಯಕ. ಫಿಜಿಯೋಥೆರಪಿ ಎಂದು ಇದಕ್ಕೆ ಹೆಸರು. ಆದರೂ ಈ ವೃತ್ತಿಯೊಳಗೆ ಈಚೆಗೆ ಬಂದು ಸೇರಿರುವ ಒಂದು ಹೊಸ ಸಾಧನದ ವಿಷಯದಲ್ಲಿ ಜನರೊಳಗೆ ಎರಡು ಬಗೆಯ ತಪ್ಪು ತಿಳಿವಳಿಕೆಗಳು ಹಬ್ಬಿರುವುದನ್ನು ಕಂಡು, ಮಾತನಾಡುವುದೇ ಲೇಸೆಂದು ಒಪ್ಪಿಕೊಂಡೆನು. ಕೆಲವರು ಅದನ್ನು ಮಕ್ಕಳನ್ನು ಕೆಡಿಸುವ ಆಟಿಕೆಯೆಂದು ಜರೆಯುವರು. ಬೇರೆ ಕೆಲವರು, ನಡೆಯಲಾರದ ಕೂಸನ್ನು ತಿಂಗಳೊಪ್ಪತ್ತಿನಲ್ಲಿ ಎಬ್ಬಿಸಿ ಓಡಿಸುವ ಯಂತ್ರವೆಂದು ನಂಬಿ, ಸಾಲ ಮಾಡಿಯಾದರೂ ಕೊಳ್ಳಲು ಹೊರಡುವರು. ಈ ಎರಡನೆಯ ತಪ್ಪನ್ನು ಸ್ವಲ್ಪ ಮಟ್ಟಿಗೆ ನಾನೂ ಮಾಡಿದವನೇ ಆಗಿರುತ್ತೇನೆ. ಅದನ್ನೂ ಮುಚ್ಚಿಡದೆ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುವೆನು.

ಮೊದಲು ವ್ಯಾಧಿಯ ಮಾತು. ಕೂಸು ಗರ್ಭದಲ್ಲಿರುವಾಗಲೋ, ಹೆರಿಗೆಯ ಕಾಲದಲ್ಲಿಯೋ, ಹುಟ್ಟಿದ ಮೇಲೆ ಎಳೆಯ ವಯಸ್ಸಿನಲ್ಲಿಯೋ ಮೆದುಳಿಗೆ ಪೆಟ್ಟಾದರೆ, ಅಂಗಗಳನ್ನು ಆಳುವ ಶಕ್ತಿಯು ಕುಂದುವುದು. ಲಂಡನ್ನಿನ ವಿಲಿಯಂ ಜಾನ್ ಲಿಟಲ್ ಎಂಬ ವೈದ್ಯರು ೧೮೬೧ರಲ್ಲಿಯೇ ಇದನ್ನು ವಿವರಿಸಿದರು; ಎಳೆತನದಲ್ಲಿ ತಮ್ಮದೇ ಒಂದು ಪಾದವು ಸೊಟ್ಟಗಾಗಿದ್ದ ಆ ಮಹನೀಯರಿಗೆ ಇಂಥ ಮಕ್ಕಳ ಮೇಲೆ ಮಮತೆಯಿದ್ದುದು ಆಶ್ಚರ್ಯವಲ್ಲ. ಇಂದು ಇದನ್ನು ಸೆರೆಬ್ರಲ್ ಪಾಲ್ಸಿ ಎನ್ನುವರು. ಸಾವಿರ ಮಕ್ಕಳು ಹುಟ್ಟಿದರೆ ಸುಮಾರು ಇಬ್ಬರಿಗೆ ಇದು ಉಂಟು. ಮೆದುಳಿಗೆ ಆದ ಪೆಟ್ಟು ಬೆಳೆಯುವುದಿಲ್ಲ, ನಿಜ. ಆದರೆ ಕೂಸು ಬೆಳೆಯುತ್ತದೆ! ಎಲುಬು ಉದ್ದವಾಗುತ್ತದೆ, ಬಿಗಿದ ಸ್ನಾಯು ಅದರ ಜೊತೆಗೆ ಉದ್ದವಾಗಲಾರದು. ಹಿಮ್ಮಡಿಯು ನೆಲ ಬಿಟ್ಟು ಮೇಲೇಳುವುದು, ಮೊಣಕಾಲು ಬಾಗುವುದು, ಮುಂಗೈ ಒಳಕ್ಕೆ ಮಡಚಿಕೊಳ್ಳುವುದು. ಮೂರನೆಯ ವರ್ಷದಲ್ಲಿ ಸಡಿಲಾಗಿದ್ದ ಕೀಲು ಹತ್ತನೆಯ ವರ್ಷಕ್ಕೆ ಕಟ್ಟಿಗೆಯಾಗಿರುವ ಮಕ್ಕಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಇದಕ್ಕೆ ಉಪಾಯವೇನೆಂದರೆ, ಆ ಅಂಗವನ್ನು ಆ ಕೂಸು ತಾನೇ ಮತ್ತೆ ಮತ್ತೆ ದುಡಿಸಬೇಕು. ಹತ್ತು ಸಲವಲ್ಲ, ನೂರು ಸಲವಲ್ಲ. ಸಾವಿರಾರು ಸಲ, ದಿನಗಳಗಟ್ಟಲೆ, ವರ್ಷಗಟ್ಟಲೆ. ಹೇಳುವುದು ಸುಲಭ. ಆರು ವರ್ಷದ ಮಗುವಿಗೆ "ಕೈ ಎತ್ತು, ಇಳಿಸು, ಮತ್ತೆ ಎತ್ತು" ಎಂದು ನಲವತ್ತು ಸಲ ಹೇಳಿ ನೋಡಿರಿ. ಏಳನೆಯ ಸಲಕ್ಕೆ ಅದರ ಮೋರೆ ಬಾಡುವುದು, ಹನ್ನೆರಡನೆಯ ಸಲಕ್ಕೆ ಅಳು ಬರುವುದು. ಆಗ ತಾಯಿಯು ಹಿಡಿದು ಮಾಡಿಸಬೇಕು. ಹಗಲೆಲ್ಲ ಹೊಲದಲ್ಲಿ ದುಡಿದು ಬಂದವಳು, ಒಲೆಯ ಮುಂದಿನ ಕೆಲಸ ತೀರಿಸಿಕೊಂಡು, ರಾತ್ರಿ ತನ್ನ ಕೂಸಿನ ಕಾಲನ್ನು ನೋವಾಗುವ ಹಾಗೆ ನೀಡಬೇಕು, ಅದು ಚೀರಬೇಕು, ಅತ್ತೆಯು ಒಳಗಿನಿಂದ "ಅದನ್ಯಾಕ ಗೋಳಾಡಸ್ತಿ, ಬಿಡು" ಎನ್ನಬೇಕು. ಹೀಗಾದ ಮನೆಯಲ್ಲಿ ಅಂಗಸಾಧನೆಯು ಎಷ್ಟು ದಿನ ನಡೆದೀತು? ಚಿಕಿತ್ಸೆಯನ್ನು ಬಿಟ್ಟವರನ್ನು ನಾವು ಸೋಮಾರಿಗಳೆಂದು ಬರೆದಿಡುತ್ತೇವೆ. ನನ್ನ ಅನುಭವದಲ್ಲಿ ಅವರಲ್ಲಿ ಬಹುಮಂದಿ ಸೋಮಾರಿಗಳಲ್ಲ. ದಿನಾಲು ಮಗುವಿನ ವೈರಿಯಾಗಿ ಬಾಳಲಾರದೆ ಸೋತ ತಾಯಂದಿರು.

ನಮ್ಮ ಹಳ್ಳಿಗಳಲ್ಲಿ ನಡೆಯಲು ಕಲಿಯುವ ಕೂಸಿಗೆ ಬಡಿಗೇರನು ಮಾಡಿಕೊಡುವ ಮೂರು ಗಾಲಿಯ ಕಟ್ಟಿಗೆಯ ಬಂಡಿಯನ್ನು ತಾವೆಲ್ಲರೂ ಬಲ್ಲಿರಿ. ಆ ಬಂಡಿಯನ್ನು ಹಿಡಿದ ಕೂಸು ನಡೆಯುವುದನ್ನು ಅಭ್ಯಾಸ ಮಾಡುತ್ತಿದ್ದೇನೆಂದು ತಿಳಿಯುವುದಿಲ್ಲ. ಬಂಡಿ ಹೊಡೆಯುತ್ತಿದ್ದೇನೆಂದು ತಿಳಿಯುತ್ತದೆ. ಬಿದ್ದರೂ ಎದ್ದು ಹೊಡೆಯುತ್ತದೆ. ಅಂಗಳದ ಈ ತುದಿಯಿಂದ ಆ ತುದಿಗೆ ಎಷ್ಟು ಸಲ ಹೋಯಿತೆಂದು ಲೆಕ್ಕವಿಡುವವರಾರು? ನಾನು ಹೇಳಹೊರಟ ಹೊಸ ಸಾಧನದ ಗುಟ್ಟೂ ಇಷ್ಟೇ. ಅದು ಆ ಬಂಡಿಯ ಮೊಮ್ಮಗ.

ಇನ್ನು ಆ ಸಾಧನವೇನೆಂಬುದನ್ನು ಹೇಳುವೆನು. ವರ್ಚುವಲ್ ರಿಯಾಲಿಟಿ ಎಂಬುದನ್ನು ನಾನು ತೋರಿಕೆಯ ಲೋಕ ಎಂದು ಕರೆಯುವೆನು. ಪಂಡಿತರು ಇದಕ್ಕಿಂತ ಚೆನ್ನಾದ ಹೆಸರು ಕೊಟ್ಟರೆ ಸಂತೋಷ. ಕಣ್ಣುಗಳನ್ನು ಪೂರಾ ಮುಚ್ಚುವ ಪೆಟ್ಟಿಗೆಯಂಥ ಕನ್ನಡಕವೊಂದನ್ನು ತಲೆಗೆ ಬಿಗಿಯುವರು. ಅದರೊಳಗೆ ಎಡಗಣ್ಣಿಗೆ ಒಂದು ಚಿತ್ರ, ಬಲಗಣ್ಣಿಗೆ ಅದಕ್ಕಿಂತ ತುಸು ಬೇರೆಯಾದ ಇನ್ನೊಂದು ಚಿತ್ರ. ಎರಡೂ ಮನಸ್ಸಿನಲ್ಲಿ ಕೂಡಿ, ಆಳ ಅಗಲಗಳುಳ್ಳ ಒಂದೇ ನೋಟವಾಗುವುದು. ತಲೆ ತಿರುಗಿಸಿದರೆ ಯಂತ್ರವು ಅದನ್ನರಿತು, ಸೆಕೆಂಡಿನ ಐವತ್ತನೆಯ ಒಂದು ಪಾಲಿನೊಳಗಾಗಿ ಚಿತ್ರವನ್ನೂ ತಿರುಗಿಸಬೇಕು. ತಡವಾದರೆ ತಲೆ ಸುತ್ತುವುದು. ಅಮೆರಿಕದ ಐವಾನ್ ಸದರ್ಲ್ಯಾಂಡ್ ಎಂಬವರು ೧೯೬೮ರಲ್ಲಿ ಇಂಥ ಸಾಧನವೊಂದನ್ನು ತೋರಿಸಿದಾಗ, ಅದರ ಭಾರವನ್ನು ತಲೆಯು ಹೊರಲಾರದೆಂದು ಮೇಲ್ಛಾವಣಿಯಿಂದ ತೂಗಬಿಡಬೇಕಾಗಿತ್ತು. ಇಂದು ಮಾರಾಟದಲ್ಲಿರುವ ಸಾಧನಗಳು ಸುಮಾರು ಅರ್ಧ ಕಿಲೋ ತೂಗುವವು. ಕನ್ನಡಕವಿಲ್ಲದ ಬಗೆಯೂ ಉಂಟು: ಮಗುವು ದೊಡ್ಡ ಪರದೆಯ ಮುಂದೆ ನಿಲ್ಲುವುದು, ಕ್ಯಾಮರಾ ಅದರ ಚಲನೆಯನ್ನು ಹಿಡಿಯುವುದು, ಪರದೆಯೊಳಗೆ ಅದರ ಬಿಂಬವೋ ಗೊಂಬೆಯೋ ಹಾಗೆಯೇ ಕುಣಿಯುವುದು. ಮಕ್ಕಳ ಅಂಗಚಿಕಿತ್ಸೆಯಲ್ಲಿ ಇದುವರೆಗೆ ಆಗಿರುವ ಪ್ರಯೋಗಗಳಲ್ಲಿ ಬಹಳಷ್ಟು ಈ ಎರಡನೆಯ ಬಗೆಯವೇ ಎಂಬುದನ್ನು ನೆನಪಿನಲ್ಲಿಡತಕ್ಕದ್ದು. ಪತ್ರಿಕೆಗಳಲ್ಲಿ ಮಾತ್ರ ಯಾವಾಗಲೂ ಕನ್ನಡಕದ ಚಿತ್ರವೇ ಅಚ್ಚಾಗುತ್ತದೆ.

ಕನ್ನಡಕದ ಬಗೆಯು ತನ್ನ ಬಲವನ್ನು ಚೆನ್ನಾಗಿ ತೋರಿಸಿದ್ದು ಸುಟ್ಟಗಾಯದ ಚಿಕಿತ್ಸೆಯಲ್ಲಿ. ಸುಟ್ಟ ಚರ್ಮವು ಮಾಯುವಾಗ ಕುಗ್ಗುವ ಸ್ವಭಾವದ್ದು. ನೆಲದ ಮೇಲಿಟ್ಟ ಸಾರಿನ ಪಾತ್ರೆಯಲ್ಲಿ ಕೈಯಿಟ್ಟ ಕೂಸನ್ನು ತಾವು ಕಂಡಿರಬಹುದು; ಗಾಯ ಮಾಯಿತೆಂದು ಸುಮ್ಮನಿದ್ದರೆ, ಬೆರಳುಗಳು ಅಂಗೈಗೆ ಅಂಟಿದಂತೆ ಮಡಚಿ ನಿಲ್ಲುವವು. ಆದುದರಿಂದ ಹಸಿಗಾಯವಿರುವಾಗಲೇ ಆ ಅಂಗವನ್ನು ನೀಡಬೇಕು. ಆ ನೋವನ್ನು ಬಣ್ಣಿಸಲು ನನ್ನಲ್ಲಿ ಮಾತಿಲ್ಲ. ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹಂಟರ್ ಹಾಫ್‌ಮನ್, ಡೇವಿಡ್ ಪ್ಯಾಟರ್ಸನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದಕ್ಕೊಂದು ದಾರಿ ಹುಡುಕಿದರು. ನೋವನ್ನು ಅನುಭವಿಸಲಿಕ್ಕೂ ಮನಸ್ಸಿನ ಗಮನ ಬೇಕು. ಆ ಗಮನವನ್ನೇ ಬೇರೆ ಲೋಕಕ್ಕೆ ಎಳೆದೊಯ್ದರೆ ನೋವಿಗೆ ಉಳಿಯುವ ಪಾಲು ಕಡಿಮೆಯಾಗುವುದೆಂಬುದು ಅವರ ತರ್ಕ. ೨೦೦೦ದಲ್ಲಿ ಅವರು ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಸುಟ್ಟಗಾಯದ ಹನ್ನೆರಡು ಮಂದಿ ವಯಸ್ಕರು ಅಂಗಗಳನ್ನು ನೀಡಿಸಿಕೊಳ್ಳುವಾಗ ಸ್ವಲ್ಪ ಹೊತ್ತು ಈ ಕನ್ನಡಕ ಧರಿಸಿದ್ದರು. ಹನ್ನೆರಡು ಮಂದಿಯೂ ನೋವು ಕಡಿಮೆಯಾಯಿತೆಂದು ಹೇಳಿದರು. ಮುಂದೆ ಅವರು ಸುಟ್ಟವರಿಗೆಂದೇ ಒಂದು ಹಿಮದ ಲೋಕವನ್ನು ಕಟ್ಟಿದರು. ಸ್ನೋವರ್ಲ್ಡ್ ಎಂದು ಅದರ ಹೆಸರು. ಹಿಮದ ಕಣಿವೆಯಲ್ಲಿ ತೇಲುತ್ತ ಹೋಗುವ ರೋಗಿಯು ಹಿಮದ ಗೊಂಬೆಗಳ ಮೇಲೆಯೂ ಪೆಂಗ್ವಿನ್ ಹಕ್ಕಿಗಳ ಮೇಲೆಯೂ ಹಿಮದ ಉಂಡೆಗಳನ್ನು ಎಸೆಯುವನು. ಬೆಂಕಿಯಲ್ಲಿ ಬೆಂದವನಿಗೆ ಹಿಮವೇ ಏಕೆಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಇದು ಬರಿಯ ಬಾಯಿಮಾತಿನ ಸಮಾಧಾನವಲ್ಲವೆಂಬುದಕ್ಕೆ ೨೦೦೪ರಲ್ಲಿ ಅದೇ ಗುಂಪಿನವರು ಆರೋಗ್ಯವಂತರ ಮೆದುಳನ್ನು ಪರೀಕ್ಷಿಸಿ, ನೋವಿಗೆ ಸಂಬಂಧಿಸಿದ ಭಾಗಗಳ ಚಟುವಟಿಕೆಯೇ ತಗ್ಗುವುದನ್ನು ಕಂಡರು. ಮಕ್ಕಳ ವಿಷಯದಲ್ಲಿ ಆಸ್ಟ್ರೇಲಿಯದ ಅಡಿಲೇಡಿನ ಆಸ್ಪತ್ರೆಯೊಂದರಿಂದ ೨೦೦೫ರಲ್ಲಿ ಒಂದು ವರದಿ ಹೊರಬಿದ್ದಿತು. ಐದರಿಂದ ಹದಿನೆಂಟು ವರ್ಷದ ಏಳು ಮಂದಿ. ಗಾಯ ತೊಳೆದು ಪಟ್ಟಿ ಬದಲಿಸುವ ಹೊತ್ತಿನಲ್ಲಿ ಔಷಧ ಮಾತ್ರ ಕೊಟ್ಟಾಗ ನೋವಿನ ಅಂಕವು ಸರಾಸರಿ ೪.೧, ಔಷಧದ ಜೊತೆಗೆ ಈ ಆಟವೂ ಇದ್ದಾಗ ೧.೩. ಏಳೇ ಮಕ್ಕಳೆಂಬುದನ್ನು ಮರೆಯತಕ್ಕದ್ದಲ್ಲ. ಔಷಧವನ್ನು ನಿಲ್ಲಿಸಲಿಲ್ಲವೆಂಬುದನ್ನಂತೂ ಖಂಡಿತ ಮರೆಯತಕ್ಕದ್ದಲ್ಲ.

ಸೆರೆಬ್ರಲ್ ಪಾಲ್ಸಿಯ ಮಕ್ಕಳಲ್ಲಿ ಕೆಲಸವು ಬೇರೆ ಬಗೆಯದು. ಅಲ್ಲಿ ಮರೆಸಬೇಕಾದುದು ನೋವನ್ನಷ್ಟೇ ಅಲ್ಲ, ಬೇಸರವನ್ನು. ಕೆನಡಾದ ಟೊರಾಂಟೊದಲ್ಲಿ ಡೆನಿಸ್ ರೀಡ್ ಎಂಬ ವಿದುಷಿಯು ೨೦೦೨ರ ವೇಳೆಗೆ, ಮಕ್ಕಳು ಪರದೆಯೊಳಗೆ ತಮ್ಮನ್ನೇ ಕಂಡು ಆಡುವ ಪ್ರಯೋಗ ಮಾಡಿದರು. ಅವರು ಮುಖ್ಯವಾಗಿ ಕೇಳಿದ ಪ್ರಶ್ನೆ, ಕೈ ಎಷ್ಟು ಎತ್ತಿತೆಂಬುದಲ್ಲ, ತನ್ನಿಂದ ಆಗುವುದೆಂದು ಆ ಮಗು ನಂಬಿತೇ ಎಂಬುದು. ಇದು ನನಗೆ ಬಹಳ ಮೆಚ್ಚಿಕೆಯಾದ ಪ್ರಶ್ನೆ. ೨೦೦೫ರಲ್ಲಿ ಕೊರಿಯ ಹಾಗೂ ಅಮೆರಿಕದ ಸಂಶೋಧಕರು, ದೇಹದ ಒಂದು ಪಕ್ಕ ಸೋತ ಎಂಟು ವರ್ಷದ ಹುಡುಗನೊಬ್ಬನಿಗೆ ನಾಲ್ಕು ವಾರ ಹೀಗೆ ಆಡಿಸಿ, ಸೋತ ಕೈಯನ್ನು ಆಡಿಸುವಾಗ ಅವನ ಮೆದುಳಿನಲ್ಲಿ ಕೆಲಸ ಮಾಡುವ ಭಾಗಗಳೇ ಬದಲಾಗಿ, ನಿರೋಗಿಗಳಲ್ಲಿ ಇರತಕ್ಕ ಪಕ್ಕಕ್ಕೆ ಸರಿದುದನ್ನು ವರದಿ ಮಾಡಿದರು. ಒಬ್ಬನೇ ಹುಡುಗ, ಆದರೂ ಆ ಚಿತ್ರಗಳನ್ನು ಕಂಡ ದಿನ ನನಗೆ ನಿದ್ರೆ ಬರಲಿಲ್ಲ. ೨೦೦೮ರಲ್ಲಿ ನ್ಯೂಜೆರ್ಸಿಯ ಜುಡಿತ್ ಡಾಯ್ಚ್ ಮತ್ತವರ ಸಂಗಡಿಗರು, ಅಂಗಡಿಯಲ್ಲಿ ಸಿಕ್ಕುವ ವೀ ಎಂಬ ಆಟದ ಯಂತ್ರದಿಂದಲೇ ಒಬ್ಬ ಹರೆಯದ ರೋಗಿಗೆ ಸಾಧನೆ ಮಾಡಿಸಿದ್ದನ್ನು ಬರೆದರು. ಅಲ್ಲಿಂದ ಇಂಥ ಪ್ರಯೋಗಗಳು ಲೋಕದಲ್ಲೆಲ್ಲ ಹಬ್ಬಿದವು. ೨೦೧೮ರಲ್ಲಿ ಇಂಥ ಹತ್ತೊಂಬತ್ತು ಪರೀಕ್ಷೆಗಳನ್ನು ಒಟ್ಟುಗೂಡಿಸಿ ತೂಗಿ ನೋಡಿದವರು ಪ್ರಯೋಜನವುಂಟೆಂದೇ ಹೇಳಿದರು. ಅಂಗಡಿಯ ಆಟಗಳಿಗಿಂತ ಚಿಕಿತ್ಸೆಗೆಂದೇ ರಚಿಸಿದವು ಮೇಲೆಂದೂ ಹೇಳಿದರು. ಈ ಕೊನೆಯ ಮಾತಿನ ಅರ್ಥವು ನನಗೆ ಪುಸ್ತಕದಿಂದ ತಿಳಿಯಲಿಲ್ಲ, ಒಬ್ಬ ತಾಯಿಯಿಂದ ತಿಳಿಯಿತು.

ಆ ಹುಡುಗನಿಗೆ ಏಳು ವರ್ಷ. ಎಡಪಕ್ಕ ಸೋತದ್ದು. ಎರಡು ವರ್ಷ ನನ್ನ ಕೋಣೆಗೆ ಅಳುತ್ತಲೇ ಬಂದವನು. ನಾವು ಪರದೆಯ ಆಟವನ್ನು ತಂದಾಗ, ಅವನಿಗೆ ಮೇಲಿನಿಂದ ಉದುರುವ ಹಣ್ಣುಗಳನ್ನು ಎಡಗೈಯಿಂದ ಹಿಡಿಯುವ ಆಟವನ್ನು ಗೊತ್ತುಮಾಡಿದೆನು. ಮೊದಲ ದಿನ ನಾಲ್ಕು ಹಣ್ಣು. ವಾರದೊಳಗೆ ಹದಿನೈದು. ಅಳು ನಿಂತಿತು, ಬಾಗಿಲು ತೆರೆಯುವ ಮೊದಲೇ ಬಂದು ಕೂಡತೊಡಗಿದನು. ಆರನೆಯ ವಾರಕ್ಕೆ ಐವತ್ತು ದಾಟಿತು. ನಾನು ಆ ಅಂಕಿಗಳನ್ನು ಗೋಡೆಗೆ ಹಚ್ಚಿ, ನೋಡಲು ಬಂದವರಿಗೆಲ್ಲ ತೋರಿಸಿ ಹೆಮ್ಮೆಪಟ್ಟೆನು. ಒಂದು ದಿನ ಅವನ ತಾಯಿ, ಮಾತಾಡುವುದೇ ಅಪರೂಪವಾದ ಆಕೆ, ಬಾಗಿಲ ಬಳಿ ನಿಂತು ಹೇಳಿದಳು: "ಆಟದಾಗ ಗೆಲ್ಲತಾನ ಖರೆ ಡಾಕ್ಟರ, ಆದರ ಊಟಕ್ಕ ಕುಂತಾಗ ಆ ಕೈ ತೊಡಿ ಮ್ಯಾಲಿಂದ ಏಳೂದs ಇಲ್ರಿ. ರೊಟ್ಟಿ ಮುರಿಯಾಕ ತಾಟು ಸರೀತದ, ನಾನs ಹಿಡೀಬೇಕು."

ನನಗೆ ಒಳಗೊಳಗೆ ಸಿಟ್ಟೇ ಬಂದಿತೆಂದು ಒಪ್ಪಿಕೊಳ್ಳಬೇಕು. ಆದರೂ ಮರುದಿನ ಪರದೆಯನ್ನು ನೋಡುವುದನ್ನು ಬಿಟ್ಟು ಹುಡುಗನನ್ನು ನೋಡಿದೆನು. ಆಗ ಕಣ್ಣು ತೆರೆಯಿತು. ಅವನು ಕೈಯನ್ನು ಎತ್ತುತ್ತಲೇ ಇರಲಿಲ್ಲ! ನಡುವನ್ನು ಬಲಕ್ಕೆ ವಾಲಿಸಿ, ಹೆಗಲನ್ನು ಜಾಡಿಸಿ, ಕೈಯನ್ನು ಕವಣೆಯ ಕಲ್ಲಿನಂತೆ ಮೇಲಕ್ಕೆ ಒಗೆಯುತ್ತಿದ್ದನು. ಮುಷ್ಟಿಯು ಬಿಗಿದದ್ದು ಬಿಗಿದಂತೆಯೇ ಇತ್ತು. ಕ್ಯಾಮರಾ ಮಣಿಕಟ್ಟು ಎಲ್ಲಿದೆಯೆಂಬುದನ್ನು ಮಾತ್ರ ಬಲ್ಲದು. ಬೆರಳು ಬಿಚ್ಚಿತೇ, ಬೆನ್ನು ನೆಟ್ಟಗಿದೆಯೇ ಎಂಬುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ಆರು ವಾರ ನಾನು ಅವನಿಗೆ ಕಲಿಸಿದ್ದು ಕೈಯ ಬಳಕೆಯನ್ನಲ್ಲ, ಕೈಯನ್ನು ಬಳಸದೆ ಗೆಲ್ಲುವ ಜಾಣತನವನ್ನು. ಹುಡುಗನದು ತಪ್ಪಿಲ್ಲ. ಹಣ್ಣು ಹಿಡಿ ಎಂದೆವು, ಹಿಡಿದನು. ತಪ್ಪು ನನ್ನದು, ನೋಡಬೇಕಾದಲ್ಲಿ ನೋಡದವನದು. ಗೋಡೆಯ ಕಾಗದವನ್ನು ಅಂದೇ ಹರಿದೆನು.

ಆ ಮೇಲೆ ಮಾಡಿದ ಬದಲಾವಣೆಗಳು ಬಹಳ ಸಣ್ಣವು. ಬೆನ್ನು ವಾಲದಂತೆ ಅಗಲವಾದ ಬಟ್ಟೆಯ ಪಟ್ಟಿಯಿಂದ ಎದೆಯನ್ನು ಕುರ್ಚಿಗೆ ಸಡಿಲಾಗಿ ಕಟ್ಟಿದೆನು. ಹಣ್ಣುಗಳನ್ನು ಎದೆಯ ಮಟ್ಟಕ್ಕೆ ಇಳಿಸಿದೆನು. ಅಂಗೈಯಲ್ಲೊಂದು ಮೆತ್ತನೆಯ ಚೆಂಡನ್ನಿಟ್ಟು, ಪ್ರತಿಯೊಂದು ಹಣ್ಣಿಗೂ ಅದನ್ನು ಬುಟ್ಟಿಗೆ ಬಿಟ್ಟರೆ ಮಾತ್ರ ಲೆಕ್ಕಕ್ಕೆ ಬರುವುದೆಂದು ಕಟ್ಟುಮಾಡಿದೆನು. ಆ ಲೆಕ್ಕವನ್ನು ಯಂತ್ರವಲ್ಲ, ತಾಯಿಯು ಹಿಡಿಯತಕ್ಕದ್ದು. ಐವತ್ತರಿಂದ ಆರಕ್ಕೆ ಇಳಿಯಿತು. ಹುಡುಗ ಮತ್ತೆ ಅತ್ತನು. ಎರಡು ದಿನ ಬರಲೇ ಇಲ್ಲ. ಮೂರನೆಯ ದಿನ ಬಂದನು, ಯಾಕೆಂದರೆ ಹಣ್ಣುಗಳ ಆಸೆ ಬಿಟ್ಟಿರಲಿಲ್ಲ. ಯಂತ್ರದ ಉಪಕಾರವೇನಾದರೂ ಇದ್ದರೆ ಆ ಮೂರನೆಯ ದಿನದಲ್ಲಿದೆ. ಬರಿಯ ನನ್ನ ಮಾತಿಗೆ ಅವನು ತಿರುಗಿ ಬರುತ್ತಿದ್ದಿಲ್ಲ.

ಇನ್ನೊಂದು ಕಟ್ಟಳೆಯನ್ನೂ ಮಾಡಿದೆನು. ಇಪ್ಪತ್ತು ಮಿನಿಟು ಆಟವಾದರೆ, ಪರದೆ ಆರಿಸಿ, ಆ ಕೂಡಲೇ ಇಪ್ಪತ್ತು ಮಿನಿಟು ನಿಜವಾದ ಕೆಲಸ: ತಾಟು ಹಿಡಿಯುವುದು, ಅಂಗಿಯ ಗುಂಡಿ ಹಾಕುವುದು, ಡಬ್ಬಿಯ ಮುಚ್ಚಳ ತೆಗೆಯುವುದು. ಇದು ನನ್ನ ಸ್ವಂತ ಬುದ್ಧಿಯಲ್ಲ. ಆಸ್ಟ್ರೇಲಿಯದ ಅಯೋನಾ ನೊವಾಕ್ ಮೊದಲಾದವರು ೨೦೧೩ರಲ್ಲಿ ಸೆರೆಬ್ರಲ್ ಪಾಲ್ಸಿಯ ಚಿಕಿತ್ಸೆಗಳನ್ನೆಲ್ಲ ಜರಡಿ ಹಿಡಿದು, ದಾರಿಯ ಕೆಂಪು ಹಳದಿ ಹಸಿರು ದೀಪಗಳಂತೆ ವಿಂಗಡಿಸಿದರು. ಮಗುವು ಸುಮ್ಮನೆ ಮಲಗಿ ಮಾಡಿಸಿಕೊಳ್ಳುವ ಚಿಕಿತ್ಸೆಗಳಲ್ಲಿ ಹಲವು ಹಿಂದೆ ಬಿದ್ದವು. ತನಗೆ ಬೇಕಾದ ಕೆಲಸವನ್ನು ತಾನೇ ಮಾಡಿ ಮಾಡಿ ಕಲಿಯುವ ಸಾಧನೆಗಳು ಹಸಿರಿನಲ್ಲಿ ನಿಂತವು. ಹಣ್ಣು ಹಿಡಿದವನು ಹಣ್ಣು ಹಿಡಿಯುವುದರಲ್ಲಿ ನಿಪುಣನಾಗುವನು. ತಾಟು ಹಿಡಿಯಬೇಕಾದರೆ ತಾಟನ್ನೇ ಹಿಡಿಯಬೇಕು. ಐದನೆಯ ತಿಂಗಳಲ್ಲಿ ಆ ಹುಡುಗನು ಮುಷ್ಟಿಯ ಪಕ್ಕದಿಂದ ತಾಟಿನ ಅಂಚನ್ನು ಒತ್ತಿ ಹಿಡಿದು, ಬಲಗೈಯಿಂದ ರೊಟ್ಟಿ ಮುರಿದನು. ಮಣಿಕಟ್ಟು ಇನ್ನೂ ಸೊಟ್ಟಗೇ ಇದೆ. ಪೂರಾ ನೆಟ್ಟಗಾಗುವುದೆಂದು ನಾನು ಆ ತಾಯಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

ಅಪಾಯಗಳ ಮಾತನ್ನು ಬೇಗನೆ ಹೇಳಿ ಮುಗಿಸುವೆನು, ಆದರೆ ದಯವಿಟ್ಟು ಲಘುವಾಗಿ ತೆಗೆದುಕೊಳ್ಳಬೇಡಿರಿ. ಈ ಮಕ್ಕಳಲ್ಲಿ ಅನೇಕರಿಗೆ ಮೂರ್ಛೆರೋಗವೂ ಇರುತ್ತದೆ; ಮಿಂಚುವ ಚಿತ್ರಗಳು ಕೆಲವರಲ್ಲಿ ಅದನ್ನು ಕೆರಳಿಸಬಲ್ಲವು; ಆದುದರಿಂದ ವೈದ್ಯರನ್ನು ಕೇಳದೆ ಕನ್ನಡಕ ಹಾಕತಕ್ಕದ್ದಲ್ಲ. ಕೊರಳು ನಿಲ್ಲದ ಕೂಸಿಗೆ ಅರ್ಧ ಕಿಲೋ ಎಂಬುದು ಬಲು ಭಾರ. ಮೆಟಾ ಕಂಪನಿಯವರು ತಮ್ಮ ಕನ್ನಡಕದ ವಯೋಮಿತಿಯನ್ನು ೨೦೨೩ರಲ್ಲಿ ಹದಿಮೂರರಿಂದ ಹತ್ತಕ್ಕೆ ಇಳಿಸಿದರು. ಹತ್ತಕ್ಕೂ ಕೆಳಗಿನವರಿಗೆ ಅವರೇ ಬೇಡವೆನ್ನುವಾಗ ನಾವೇಕೆ ಅವಸರಪಡಬೇಕು? ಚಿಕ್ಕವರಿಗೆ ಪರದೆ ಸಾಕು. ವಾಕರಿಕೆ, ತಲೆಸುತ್ತು ಬಂದರೆ ನಿಲ್ಲಿಸಬೇಕು. ಕನ್ನಡಕ ಹಾಕಿದ ಮಗುವಿಗೆ ನೆಲ ಕಾಣದಾದುದರಿಂದ ಒಬ್ಬರು ಪಕ್ಕದಲ್ಲಿ ಕೈಚಾಚಿ ನಿಂತಿರಲೇಬೇಕು. ಒಬ್ಬರ ಮೋರೆಯಿಂದ ತೆಗೆದದ್ದನ್ನು ಒರಸಿ ಶುದ್ಧಿ ಮಾಡದೆ ಮತ್ತೊಬ್ಬರ ಮೋರೆಗೆ ಹಾಕಬಾರದು. ಕಣ್ಣುಬೇನೆ ಹೀಗೆಯೇ ಹಬ್ಬುವುದು.

ಕೊಳ್ಳುವವರಿಗೆ ಇನ್ನೊಂದು ಮಾತು. ೨೦೧೦ರಲ್ಲಿ ಮೈಕ್ರೋಸಾಫ್ಟ್ ಕಂಪನಿಯು ಕಿನೆಕ್ಟ್ ಎಂಬ ಕ್ಯಾಮರಾವನ್ನು ಹೊರತಂದಾಗ, ಜಗತ್ತಿನ ಎಷ್ಟೋ ಚಿಕಿತ್ಸಾಲಯಗಳು ಅದನ್ನೇ ನಂಬಿ ತಮ್ಮ ಸಾಧನೆಗಳನ್ನು ಕಟ್ಟಿಕೊಂಡವು. ಆಟಗಾರರಿಗೆ ಅದು ರುಚಿಸಲಿಲ್ಲ. ೨೦೧೭ರಲ್ಲಿ ಕಂಪನಿಯು ಅದರ ತಯಾರಿಕೆಯನ್ನು ನಿಲ್ಲಿಸಿತು. ಬಡಿಗೇರನ ಬಂಡಿಯ ಗಾಲಿ ಮುರಿದರೆ ಮತ್ತೊಂದು ಗಾಲಿ ಕೂಡಿಸಬಹುದು. ಇದರ ಗತಿ ಹಾಗಲ್ಲ. ಆದುದರಿಂದ ಮನೆಮನೆಗೊಂದು ಕೊಳ್ಳಿರೆಂದು ನಾನು ಹೇಳಲಾರೆನು. ತಾಲ್ಲೂಕಿಗೊಂದು ಕಡೆ ಇದ್ದು, ಬಳಸಬಲ್ಲ ಚಿಕಿತ್ಸಕರೊಬ್ಬರು ಅಲ್ಲಿದ್ದರೆ ಅಷ್ಟರಮಟ್ಟಿಗೆ ಉಪಯೋಗವಾದೀತು. ಇಲ್ಲದ ಕಡೆಗಳಲ್ಲಿ ಬಲೂನು, ಗೋಲಿ, ಕನ್ನಡಿ, ಅಣ್ಣತಮ್ಮಂದಿರು ಇದ್ದೇ ಇರುವರು. ಮಗುವಿಗೆ ತಾನಾಗಿ ಕೈಚಾಚುವ ಆಸೆ ಹುಟ್ಟಿಸುವುದು ಇವುಗಳಿಂದಲೂ ಆಗುವುದು. ಯಂತ್ರವಿಲ್ಲವೆಂದು ಒಂದು ದಿನವನ್ನೂ ಕಳೆಯಬೇಡಿರಿ. ಎಂಟು ತಿಂಗಳಾದರೂ ಕೂಡದ ಕೂಸನ್ನು, ವರ್ಷ ತುಂಬುವ ಮೊದಲೇ ಒಂದೇ ಕೈಯನ್ನು ಬಳಸುವ ಕೂಸನ್ನು, ಯಾವಾಗಲೂ ಮುಷ್ಟಿ ಬಿಗಿದಿರುವ ಕೂಸನ್ನು "ತಡವಾಗಿ ಬರುವ ಮನೆತನ" ಎಂದು ಬಿಡದೆ, ಕೂಡಲೇ ತೋರಿಸಿರಿ.

ಈ ದಿನ ನಾನು ಪರದೆಯನ್ನೂ ಒಂದು ಕನ್ನಡಕವನ್ನೂ ತಂದಿರುತ್ತೇನೆ. ಸಭೆ ಮುಗಿದು ಪ್ರಸಾದವಾದ ತರುವಾಯ, ದಾಸೋಹದ ಮನೆಯ ಎಡಗಡೆಯ ಕೋಣೆಯಲ್ಲಿ ಅವನ್ನು ಇಟ್ಟಿರುವೆನು. ಮಕ್ಕಳಿದ್ದವರು ಕರೆದುಕೊಂಡು ಬರಬಹುದು. ಹತ್ತು ವರ್ಷದೊಳಗಿನವರಿಗೆ ಪರದೆ ಮಾತ್ರ. ನಾನು ಎಂದಿನಂತೆ ಪರದೆಗೆ ಬೆನ್ನು ಮಾಡಿ ನಿಂತಿರುವೆನು. ಮಗುವಿನ ಜೊತೆಗೆ ತಾಯಿಯೂ ಒಳಗೆ ಬರಬೇಕು, ಲೆಕ್ಕ ಹಿಡಿಯುವ ಕೆಲಸ ಆಕೆಯದು.